ಒಂದು ಗೇಣು ನೀರು

ಇದು ಹೀಗೆಯೇ ನಡೆಯಿತು ಎಂದು ನಾನು ಆಣೆ ಮಾಡಿ ಹೇಳಲಾರೆ. ಇಪ್ಪತ್ತು ವರ್ಷಗಳಲ್ಲಿ ಈ ಕಥೆಯನ್ನು ಕನಿಷ್ಠ ಮೂರು ಬಗೆಯಲ್ಲಿ ಹೇಳಿದ್ದೇನೆ. ಮೂರರಲ್ಲೂ ನಾನು ಒಳ್ಳೆಯವನಾಗಿಯೇ ಇದ್ದೆ. ಅನುಮಾನಪಡಲು ಅದೊಂದೇ ಸಾಕು. ಆದ್ದರಿಂದ ನೀವು ಇದನ್ನು ಓದುವಾಗ ಒಂದು ಕಣ್ಣನ್ನು ನನ್ನ ಮೇಲೆ ಇಟ್ಟುಕೊಂಡೇ ಓದಬೇಕು.

ಇದು ಮತ್ತೆ ನೆನಪಾದದ್ದು ನಮ್ಮ ಶಿವಮೊಗ್ಗದ ಮನೆಯ ಬಚ್ಚಲಿನಿಂದ. ಈ ವರ್ಷ ಬೇಸಿಗೆಯಲ್ಲಿ ಅದಕ್ಕೆ ಹೊಸ ಟೈಲ್ಸ್ ಹಾಕಿಸಿದೆವು. ಬಂದ ಮೇಸ್ತ್ರಿ ಹಳೆಯದನ್ನು ಒಮ್ಮೆ ಕಾಲಿನಿಂದ ತಟ್ಟಿ ನೋಡಿ, "ಗಟ್ಟಿ ಐತೆ ಸರ್. ಕಿತ್ರೆ ಸುಮ್ನೆ ಧೂಳು. ಇದರ ಮೇಲೇ ಕೂರಿಸ್ತೀನಿ" ಎಂದ. ಸಂಜೆ ಹೊತ್ತಿಗೆ ಹಸಿ ಸಿಮೆಂಟಿನ ವಾಸನೆ ಮನೆಯೆಲ್ಲ ತುಂಬಿತ್ತು, ಬಚ್ಚಲಿನ ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಹೊಸ ನೆಲ ಮೇಲೆ ಬಂದು ಬಾಗಿಲಿನ ಕೆಳ ಅಂಚಿಗೆ ತಗುಲಿತ್ತು. "ಅರ್ಧ ಇಂಚು ಸರ್, ಅಷ್ಟೇ. ಬಾಗಿಲು ಕೆತ್ತಿಸಿಬಿಡಿ" ಎಂದ ಮೇಸ್ತ್ರಿ. ನನ್ನ ಹೆಂಡತಿ ಅವನನ್ನು ಬಿಟ್ಟು ನನ್ನ ಕಡೆ ತಿರುಗಿ, "ಅಲ್ಲ ಮಾರಾಯ್ರೆ, ಕಾಲೇಜಲ್ಲಿ ಸರ್ವೇ ಪಾಠ ಮಾಡೋರು ನೀವು. ಬೆಳಗ್ಗೆಯಿಂದ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ರಲ್ಲ, ಏನು ನೋಡ್ತಿದ್ರಿ?" ಎಂದು ಕೇಳಿದಳು.

ಏನು ನೋಡುತ್ತಿದ್ದೆ? ಪೇಪರು ನೋಡುತ್ತಿದ್ದೆ. ಆದರೆ ಆ ಪ್ರಶ್ನೆಯನ್ನು ಇನ್ನೊಬ್ಬರು ಕೇಳಬೇಕಾಗಿತ್ತು, ಇಪ್ಪತ್ತು ವರ್ಷದ ಹಿಂದೆ. ಯಾರೂ ಕೇಳಲಿಲ್ಲ.

ನಮ್ಮ ಊರಿನ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ಶಿವಮೊಗ್ಗದ ಮಗ್ಗುಲಲ್ಲೇ ತುಂಗೆ ಹರಿಯುತ್ತಾಳೆ. ಬಸ್ಸು ಹತ್ತಿ ಮಲವಗೊಪ್ಪ ದಾಟಿ ಹೋದರೆ ಭದ್ರಾವತಿಯಲ್ಲಿ ಭದ್ರೆ. ಎರಡು ಹೊಳೆಗಳ ನಡುವೆ ಕುಳಿತು ಕುಡಿಯಲು ನೀರಿಲ್ಲ ಎನ್ನಲು ಸಾಮಾನ್ಯ ಬುದ್ಧಿ ಸಾಲದು. ಅದಕ್ಕೆ ಯೋಜನಾ ವರದಿ ಬೇಕು. ವರದಿ ಹೇಳಿದ್ದೇನೆಂದರೆ, ಆಯನೂರು ರಸ್ತೆಯ ಕಡೆ ಎದ್ದಿರುವ ಹೊಸ ಬಡಾವಣೆಗಳು ಎತ್ತರದಲ್ಲಿವೆ. ಹೊಳೆಯ ನೀರನ್ನು ಅಲ್ಲಿಗೆ ಏರಿಸಲು ಪಂಪು ಬೇಕು, ಕರೆಂಟು ಬೇಕು. ಅದರ ಬದಲು ಇನ್ನೂ ಎತ್ತರದಲ್ಲಿ ಹರಿಯುವ ಕುಂಟಿಹಳ್ಳಕ್ಕೆ ಮಣ್ಣಿನ ಅಣೆಕಟ್ಟು ಕಟ್ಟಿದರೆ ಜಲಾಶಯದ ನೀರು ತಾನಾಗಿ ಇಳಿದು ನಲ್ಲಿಗೆ ಬರುತ್ತದೆ. ನೀರು ತಾನಾಗಿ ಇಳಿದು ಬರಲಿಲ್ಲ. ಪೈಪು ಹಾಕುವಾಗ ಯಾರದೋ ಜಮೀನು ತಪ್ಪಿಸಲು ಒಂದು ದಿಬ್ಬ ಹತ್ತಿಸಿದರು. ಮೂರನೆಯ ವರ್ಷ ಪಂಪು ಕೂರಿಸಿದರು. ಆದರೆ ಅದು ಬೇರೆಯವರ ತಪ್ಪು. ನಾನು ಹೇಳಲು ಹೊರಟಿರುವುದು ನನ್ನದು.

ನಾನಾಗ ಎಂಜಿನಿಯರಿಂಗ್ ಮುಗಿಸಿ ಬಂದ ಹೊಸಬ. ಯಾವುದನ್ನೂ ಪರೀಕ್ಷೆ ಮಾಡದೆ ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತಿದ್ದೆ. ನನ್ನೊಬ್ಬನನ್ನು ಬಿಟ್ಟು ಮಿಕ್ಕೆಲ್ಲದರ ಮೇಲೂ ಆ ವಿದ್ಯೆಯನ್ನು ಪ್ರಯೋಗಿಸುತ್ತಿದ್ದೆ. ಅಣೆಕಟ್ಟಿನ ವಿನ್ಯಾಸ ಮತ್ತು ಮೇಲ್ವಿಚಾರಣೆ ಶಿವಮೊಗ್ಗದ ಒಂದು ಖಾಸಗಿ ಕಚೇರಿಗೆ ಸಿಕ್ಕಿತ್ತು. ಅದರ ಯಜಮಾನರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಅವರು ಲೆಕ್ಕದ ಹಾಳೆಗಳನ್ನು ಓದುತ್ತಿರಲಿಲ್ಲ, ಕೈಯಲ್ಲಿ ಹಿಡಿದು ಭಾರ ನೋಡುತ್ತಿದ್ದರು. ಹಳ್ಳಕ್ಕೆ ಎಷ್ಟು ಮಳೆನೀರು ಬರುತ್ತದೆ, ದೊಡ್ಡ ನೆರೆ ಬಂದರೆ ಹೆಚ್ಚಿನದು ಹರಿದು ಹೋಗಲು ಕೋಡಿ ಎಷ್ಟು ಅಗಲವಿರಬೇಕು ಎಂದು ನಾನು ಮೂರು ತಿಂಗಳು ಕುಳಿತು ಲೆಕ್ಕ ಹಾಕಿದ್ದೆ. ಸಾಹೇಬರು ನಕ್ಷೆ ನೋಡಿ, "ಕೋಡಿ ಇಷ್ಟು ಉದ್ದ ಯಾಕ್ರೀ? ಫೋಟೋದಲ್ಲಿ ಹಿಡಿಸಲ್ಲ" ಎಂದರು. ಅಡಿಪಾಯದಲ್ಲಿ ಬಂಡೆ ಎಷ್ಟು ಆಳದಲ್ಲಿದೆ ಎಂದು ಕೊರೆದು ನೋಡುವ ಮೊದಲೇ ಅವರ ನಕ್ಷೆಯಲ್ಲಿ ಉದ್ಯಾನವನ ಬಂದಿತ್ತು, ಅದರಲ್ಲಿ ಎರಡು ಸಿಮೆಂಟಿನ ಜಿಂಕೆಗಳೂ ಬಂದಿದ್ದವು. ಕೋಡಿಯ ಉದ್ದಕ್ಕಾಗಿ ನಾನು ಜಗಳವಾಡಿ ಗೆದ್ದೆ. ಆ ಗೆಲುವಿನ ಅಮಲು ಬಹಳ ದಿನ ಇತ್ತು ಎಂದು ಕಾಣುತ್ತದೆ.

ಅಣೆಕಟ್ಟು ಎಂದರೆ ಜನಕ್ಕೆ ಮಣ್ಣು, ಕಲ್ಲು, ಲಾರಿ ಕಾಣುತ್ತದೆ. ನಿಜಕ್ಕೂ ಅದು ನಿಂತಿರುವುದು ಎತ್ತರಗಳ ಮೇಲೆ. ಏರಿ ಎಷ್ಟು ಎತ್ತರ, ಕೋಡಿ ಎಷ್ಟು ಎತ್ತರ, ತುಂಬಿದಾಗ ನೀರು ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲವನ್ನೂ ಅಲುಗಾಡದ ಒಂದು ಕಲ್ಲಿನಿಂದ ಅಳೆಯಬೇಕು. ಆ ಕಲ್ಲಿಗೆ ಬೆಂಚ್‌ಮಾರ್ಕ್ ಎನ್ನುತ್ತಾರೆ. ಹಳ್ಳದ ಪಕ್ಕದ ಊರಿನಲ್ಲಿ ಚೌಡಮ್ಮನ ಕಟ್ಟೆಯಿತ್ತು. ಅದರ ಮೇಲುಗಡೆಯ ಹಾಸುಗಲ್ಲು ತಲೆಮಾರುಗಳಿಂದ ಕೂತಲ್ಲೇ ಕೂತಿತ್ತು. ಅದರ ಮೇಲೆ ಉಳಿಯಲ್ಲಿ ಗುರುತು ಕೊರೆಸಿ, ಕೆಂಪು ಬಣ್ಣದಲ್ಲಿ ಬಾಣ ಹಾಕಿ, ಎತ್ತರದ ಅಂಕಿ ಬರೆಸಿದೆವು. ಇನ್ನೊಂದು ಗುರುತನ್ನು ರಸ್ತೆಯ ಮೋರಿಯ ಗೋಡೆಯ ಮೇಲೆ ಹಾಕಿದೆವು. ಒಂದು ತಪ್ಪಿದರೆ ಇನ್ನೊಂದು ಹೇಳಿಕೊಡಲಿ ಎಂದು. ಪುಸ್ತಕದಲ್ಲಿ ಹಾಗೆಯೇ ಇದೆ.

ಮೊದಲ ಬೇಸಿಗೆಯಲ್ಲಿ, ಜಲಾಶಯ ತುಂಬಿದರೆ ನೀರು ಬಂದು ನಿಲ್ಲುವ ಗೆರೆಗೆ ಬಾಂದುಕಲ್ಲು ನೆಡಿಸಿದೆ. ಕಲ್ಲಿನಿಂದ ಕೆಳಗಿನದು ಸರ್ಕಾರದ್ದು, ಮೇಲಿನದು ರೈತನದು. ಹಾಲಪ್ಪನನ್ನು ಕಂಡದ್ದು ಆಗ. ಅವನ ಗದ್ದೆಯ ಅರ್ಧ ಕಲ್ಲಿನ ಕೆಳಗೆ ಹೋಗಿತ್ತು, ಅರ್ಧ ಮೇಲೆ ಉಳಿದಿತ್ತು. ಆದರೂ ಅವನು ಬಂದು ನಮ್ಮ ಆಳುಗಳ ಕೈಯಿಂದ ಹಾರೆ ಕಸಿದುಕೊಂಡ. "ಬಾಂದು ನೆಡೋದು ಹಿಂಗಲ್ಲ ಸ್ವಾಮಿ. ಕೆಳಗೆ ಇದ್ದಿಲು ಹಾಕ್ಬೇಕು. ನಾಳೆ ಯಾವನಾದ್ರೂ ಕಲ್ಲು ಕಿತ್ರೂ ಇದ್ದಿಲು ಸುಳ್ಳು ಹೇಳಲ್ಲ" ಎಂದು, ಮನೆಯಿಂದ ಒಂದು ಪುಟ್ಟಿ ಇದ್ದಿಲು ತರಿಸಿ ಒಂದೊಂದು ಗುಂಡಿಗೂ ಹಿಡಿಹಿಡಿ ಸುರಿದ. ಆ ಸುತ್ತಿನಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ಕಲ್ಲು ನೆಡುವ ಹೊತ್ತಿಗೆ ಹಾಲಪ್ಪನನ್ನು ಕರೆಯುತ್ತಿದ್ದರು. ಅವನು ನಿಂತು ನೋಡಿ ಹೂಂ ಎಂದರೆ ಮುಗಿಯಿತು, ಆಮೇಲೆ ಯಾರೂ ತಕರಾರು ತೆಗೆಯುವಂತಿರಲಿಲ್ಲ. ಅದು ಸಂಬಳದ ಕೆಲಸವಲ್ಲ. ಆದರೆ ಅವನಿಗಿದ್ದ ಆಸ್ತಿಯಲ್ಲಿ ದೊಡ್ಡದು ಅದೇ ಎಂದು ನನಗೆ ಆಗ ತಿಳಿಯಲಿಲ್ಲ. ನನಗೆ ಅವನ ಇದ್ದಿಲು ಮಾತ್ರ ತಮಾಷೆಯಾಗಿ ಕಂಡಿತ್ತು.

ಮಳೆಗಾಲ ಕಳೆದ ಮೇಲೆ ಗುದ್ದಲಿ ಪೂಜೆ ನಿಕ್ಕಿಯಾಯಿತು. ಮಂತ್ರಿಗಳು ಬರುವವರಿದ್ದರು. ಮಂತ್ರಿಗಳ ಕಾರಿಗೆ ರಸ್ತೆ ಸಾಲದೆಂದು ಮೋರಿಯನ್ನು ಒಡೆದು ಅಗಲ ಮಾಡಿದರು. ನಮ್ಮ ಎರಡನೆಯ ಗುರುತು ಅದರ ಜೊತೆಗೇ ಹೋಯಿತು. ಮಂತ್ರಿಗಳು ಕೈಮುಗಿಯುವ ಕಟ್ಟೆ ಹಳೆಯದಾಗಿ ಕಾಣಬಾರದೆಂದು ಊರಿನ ಸಮಿತಿಯವರು ಚೌಡಮ್ಮನ ಕಟ್ಟೆಯನ್ನು ಜೀರ್ಣೋದ್ಧಾರ ಮಾಡಿದರು. ನಮ್ಮ ಬಚ್ಚಲಿನ ಮೇಸ್ತ್ರಿಯ ವಂಶದವರೇ ಇರಬೇಕು, ದೇವರ ಕಲ್ಲು ಕೀಳಬಾರದೆಂದು ಹಳೆಯ ಹಾಸಿನ ಮೇಲೆಯೇ ಒಂದು ವರಸೆ ಸೈಜುಕಲ್ಲು ಕೂರಿಸಿ, ಅದರ ಮೇಲೆ ಗ್ರಾನೈಟ್ ಚಪ್ಪಡಿ ಹಾಸಿದರು.

ನೀವು ಇಲ್ಲಿ ಸಮಿತಿಯವರನ್ನು ಬೈಯಲು ಹೊರಟಿದ್ದರೆ ಸ್ವಲ್ಪ ತಾಳಿ. ಅವರು ನಮ್ಮ ಗುರುತನ್ನು ಅಳಿಸಿ ಹಾಕಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಗುರುತಿಲ್ಲವೆಂದು ನಾವು ಮೊದಲಿನಿಂದ ಅಳೆಯುತ್ತಿದ್ದೆವು. ಆದರೆ ಅವರು ಮರ್ಯಾದಸ್ಥರು. ಸರ್ಕಾರಿ ಅಂಕಿ, ಕಳೆದರೆ ಕೆಲಸಕ್ಕೆ ತೊಂದರೆಯಾದೀತು ಎಂದು ಹೆದರಿ, ಬೋರ್ಡು ಬರೆಯುವವನನ್ನು ಕರೆಸಿ, ಅದೇ ಬಾಣ, ಅದೇ ಅಂಕಿಯನ್ನು ಹೊಸ ಚಪ್ಪಡಿಯ ಮೇಲೆ ಒಂದು ಚುಕ್ಕಿಯೂ ತಪ್ಪದಂತೆ ಬರೆಸಿದ್ದರು. "ನಿಮ್ ನಂಬರ್ ಹಾಳಾಗದಂಗೆ ನೋಡ್ಕೊಂಡಿದೀವಿ ಸರ್. ಮೊದಲಿಗಿಂತ ನೀಟಾಗಿದೆ" ಎಂದು ಸಮಿತಿಯ ಅಧ್ಯಕ್ಷರು ಸಾಹೇಬರಿಗೆ ಹೇಳಿದ್ದು ಚೆನ್ನಾಗಿ ನೆನಪಿದೆ. ಸಾಹೇಬರು ಅವರ ಬೆನ್ನು ತಟ್ಟಿದರು. ಅಂಕಿ ಅದೇ, ಕಲ್ಲು ಒಂದು ಗೇಣು ಮೇಲೆ.

ಇನ್ನು ಮುಂದಿನದು ಅನುಮಾನದ ಭಾಗ. ಕೋಡಿಯ ಎತ್ತರವನ್ನು ಗುರುತಿಸುವ ದಿನ ಕಟ್ಟೆಯಿಂದ ಮಟ್ಟ ತೆಗೆದುಕೊಂಡು ಹೋದೆವು. ಲೆವೆಲ್ ಯಂತ್ರದ ಹಿಂದೆ ನಾನು. ಅಳತೆಯ ಕೋಲು ಹಿಡಿದು ಚಪ್ಪಡಿಯ ಮೇಲೆ ನಿಂತವನು ಮುನಿಸ್ವಾಮಿ, ಭದ್ರಾವತಿ ಓಲ್ಡ್ ಟೌನಿನವನು. ಮೊದಲ ವರ್ಷದ ಅಳತೆಯಲ್ಲೂ ಕೋಲು ಹಿಡಿದವನು ಅವನೇ. ನಾನು ಹೇಳುತ್ತಾ ಬಂದ ಮೊದಲ ಕಥೆಯಲ್ಲಿ ಚಪ್ಪಡಿ ಹೊಸದೆಂದು ನಮಗಿಬ್ಬರಿಗೂ ಹೊಳೆಯಲೇ ಇಲ್ಲ. ಎರಡನೆಯದರಲ್ಲಿ ಮುನಿಸ್ವಾಮಿಗೆ ಹೊಳೆದು, ನನಗೆ ಹೇಳಲು ಹೆದರಿದ. ಮೂರನೆಯದರಲ್ಲಿ ಅವನು ಹೇಳಿದ, ಲಾರಿಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಲಾರಿಯ ಸದ್ದು ಎಷ್ಟು ಸ್ಪಷ್ಟವಾಗಿ ನೆನಪಿದೆಯೆಂದರೆ, ಅದನ್ನು ನಾನೇ ಆಮೇಲೆ ಸೇರಿಸಿದ್ದೆಂದು ಈಗ ಅನ್ನಿಸುತ್ತದೆ.

ಗುರುತಿನ ಕಲ್ಲು ಮೇಲೆದ್ದು ಅಂಕಿ ಮಾತ್ರ ಹಳೆಯದೇ ಉಳಿದಿದ್ದರಿಂದ, ಅದರಿಂದ ಅಳೆದು ಕಟ್ಟಿದ ಕೋಡಿಯೂ ಒಂದು ಗೇಣು ಮೇಲೆದ್ದಿತು. ಬಾಂದುಕಲ್ಲುಗಳು ಮಾತ್ರ ಹಿಂದಿನ ವರ್ಷದ ಸರಿಯಾದ ಮಟ್ಟದಲ್ಲೇ ಇದ್ದವು. ಅಣೆಕಟ್ಟು ಮುಗಿದ ವರ್ಷ ಮಳೆ ಚೆನ್ನಾಗಿ ಬಂತು. ಜಲಾಶಯ ತುಂಬಿತು. ಬಾಗಿನ ಬಿಟ್ಟರು. ಕಾಡಿನ ಇಳಿಜಾರಿನಲ್ಲಿ ಒಂದು ಗೇಣು ನೀರು ಹೆಚ್ಚಾದರೆ ಯಾರಿಗೂ ಕಾಣದು. ಹಾಲಪ್ಪನದು ಚಾಪೆ ಹಾಸಿದಂಥ ಗದ್ದೆ. ಅಲ್ಲಿ ಒಂದು ಗೇಣು ಮೇಲೆ ಬಂದ ನೀರು ಬಾಂದು ದಾಟಿ ಐವತ್ತು ಹೆಜ್ಜೆ ಒಳಗೆ ನಡೆದುಹೋಯಿತು. ನಾಟಿ ಕೊಳೆಯಿತು.

ಅವನು ಮೊಣಕಾಲಿನವರೆಗೂ ಕೆಸರಿದ್ದ ಕಾಲಿನಲ್ಲೇ ಕಚೇರಿಗೆ ಬಂದ. "ನಿಮ್ ಕಲ್ಲು ನೀರಲ್ಲಿ ಮುಳುಗೈತೆ ಸ್ವಾಮಿ. ಕಲ್ಲು ನೆಟ್ಟೋರು ನೀವು, ನೀರು ಬಿಟ್ಟೋರೂ ನೀವು. ಯಾವುದು ಸರಿ ಅಂತ ನೀವೇ ಹೇಳಿ."

ಸಾಹೇಬರು ಕಡತ ತರಿಸಿ ನೋಡಿದರು. "ಕಲ್ಲು ಪಟ್ಟಿ ಪ್ರಕಾರ ಇದೆ. ಕೋಡಿ ನಕ್ಷೆ ಪ್ರಕಾರ ಇದೆ. ಮತ್ತೆ ನೀರು ತಪ್ಪಾ ಮಾರಾಯ?"

"ನೀರಿಗೆ ಓದು ಬರಲ್ಲ ಬಿಡಿ, ಅದಕ್ಕೆ ನಿಮ್ ನಕ್ಷೆ ಗೊತ್ತಿಲ್ಲ" ಎಂದ ಹಾಲಪ್ಪ. ನಾನು ನಕ್ಕೆ. ಸಾಹೇಬರು ನಗಲಿಲ್ಲ.

ತನಿಖೆಗೆ ಇಬ್ಬರು ದೊಡ್ಡ ಎಂಜಿನಿಯರುಗಳು ಬಂದರು. ಅವರು ಏನು ಮಾಡಿದರೆಂದು ಹೇಳಿದರೆ ನೀವು ನಂಬುವುದಿಲ್ಲ. ಕೋಡಿಯ ಎತ್ತರವನ್ನು ಮತ್ತೆ ಅಳೆದರು, ಅದೇ ಕಟ್ಟೆಯ ಅದೇ ಚಪ್ಪಡಿಯಿಂದ. ತಪ್ಪಿಗೆ ತಪ್ಪು ಕರಾರುವಾಕ್ಕಾಗಿ ತಾಳೆಯಾಯಿತು. ಹಾಲಪ್ಪನ ಗದ್ದೆಯ ಬಾಂದುಗಳನ್ನೂ ಅದೇ ಚಪ್ಪಡಿಯಿಂದ ಅಳೆದರು. ಅವು ಇರಬೇಕಾದ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಸಿಕ್ಕವು. ಅಂದರೆ, ಯಾರೋ ಕಲ್ಲು ಕಿತ್ತು ಹಳ್ಳದ ಕಡೆಗೆ ಸರಿಸಿ ಸರ್ಕಾರದ ಜಾಗ ಒಳಗೆ ಹಾಕಿಕೊಂಡಿದ್ದಾರೆ. ಯಾರು? ಪಕ್ಕದ ಗದ್ದೆ ಯಾರದೋ ಅವರು.

"ಅಗೆದು ನೋಡಿ, ಕೆಳಗೆ ಇದ್ದಿಲೈತೆ" ಎಂದ ಹಾಲಪ್ಪ.

"ಇದ್ದಿಲು ಹಾಕೋಕೆ ಗೊತ್ತಿರೋನಿಗೆ ಎತ್ತಿ ಇನ್ನೊಂದು ಕಡೆ ಹಾಕೋಕೂ ಗೊತ್ತಿರುತ್ತೆ" ಎಂದರು ಅವರಲ್ಲಿ ಒಬ್ಬರು. ವಿದ್ಯೆ ಎಂದರೆ ಇದು.

ಆಮೇಲೆ ನನ್ನನ್ನು ಕರೆದರು. ಎಳನೀರು ಕೊಟ್ಟರು. "ಬೆಂಚ್‌ಮಾರ್ಕ್ ಸರಿ ಇತ್ತೇನಪ್ಪಾ?" ಎಂದರು. "ಸರಿ ಇತ್ತು ಸರ್" ಎಂದೆ. ಇದು ಮಾತ್ರ ಮೂರು ಕಥೆಗಳಲ್ಲೂ ಒಂದೇ ಥರ ಇದೆ. ಮುನಿಸ್ವಾಮಿಯನ್ನು ಯಾರೂ ಕರೆಯಲಿಲ್ಲ. ಕೋಲು ಹಿಡಿಯುವವನನ್ನು ಕೇಳುವ ಪದ್ಧತಿಯಿಲ್ಲ.

ಹಾಲಪ್ಪನ ಮೇಲೆ ಕೇಸು ಹಾಕಲಿಲ್ಲ, ದೊಡ್ಡ ಮನಸ್ಸು ಮಾಡಿ ಎಚ್ಚರಿಕೆ ಕೊಟ್ಟು ಬಿಟ್ಟರು. ಪ್ರತಿ ಮಳೆಗಾಲ ಐವತ್ತು ಹೆಜ್ಜೆ ಗದ್ದೆ ನೀರಿಗೆ ಹೋಯಿತು. ಅದನ್ನು ಅವನು ಹೇಗೋ ತಡೆದುಕೊಂಡ. ಆದರೆ ಊರಿನವರು ಅವನನ್ನು ಬಾಂದು ನೋಡಲು ಕರೆಯುವುದನ್ನು ಬಿಟ್ಟರು. ಬೈಯಲಿಲ್ಲ, ಜಗಳ ತೆಗೆಯಲಿಲ್ಲ, ಸುಮ್ಮನೆ ಕರೆಯಲಿಲ್ಲ. ಕಲ್ಲು ಕಿತ್ತವನು ಎಂದು ಒಮ್ಮೆ ಬಾಯಿಗೆ ಬಿದ್ದ ಮೇಲೆ, ಕಲ್ಲು ನೆಡುವಲ್ಲಿಗೆ ಅವನನ್ನು ಯಾರು ಕರೆದಾರು?

ನಾನು ಕೆಲಸ ಬಿಟ್ಟೆ. ಮನಸ್ಸಾಕ್ಷಿಗಾಗಿ ಬಿಟ್ಟೆ ಎಂದು ಒಂದೆರಡು ಕಡೆ ಹೇಳಿಕೊಂಡದ್ದೂ ಉಂಟು. ನಿಜವಾಗಿ ಕಾಲೇಜಿನಲ್ಲಿ ಬಿಸಿಲು ಕಡಿಮೆ. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ವರ್ಷ ಹುಡುಗರಿಗೆ, "ಬೆಂಚ್‌ಮಾರ್ಕನ್ನು ನಂಬಬೇಡಿ, ಎರಡನೆಯದರಿಂದ ತಾಳೆ ನೋಡಿ" ಎಂದು ಹೇಳಿಕೊಡುತ್ತಿದ್ದೇನೆ. ಅವರು ಬರೆದುಕೊಳ್ಳುತ್ತಾರೆ.

ಬಚ್ಚಲಿನ ಬಾಗಿಲು ಕೆತ್ತಿಸಿದ ವಾರ ಭದ್ರಾವತಿಗೆ ಹೋದೆ. ಓಲ್ಡ್ ಟೌನಿನಲ್ಲಿ ಮುನಿಸ್ವಾಮಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಈಗ ಅವನಿಗೆ ಮಂಡಿನೋವು, ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದ. ಕಾಫಿ ಬಂತು. ನಾನು ಬಹಳ ಸುತ್ತಿ ಬಳಸಿ, ಆ ದಿನ ನೀನು ಏನಾದರೂ ಹೇಳಿದ್ದೆಯಾ, ನನಗೆ ಕೇಳಿಸಲಿಲ್ಲವಾ ಎಂದು ಕೇಳಿದೆ.

ಅವನು ಲೋಟ ಕೆಳಗಿಟ್ಟ. "ನಾನ್ ಏನ್ ಸಾರ್ ಹೇಳೋದು? ನೀವೇ ತಾನೇ ನೋಡಿದ್ದು."

"ನಾನಾ?"

"ಆಮಾ ಸಾರ್. ಯಂತ್ರ ಬಿಟ್ಬಿಟ್ಟು ಬಂದ್ರಿ. ಕಲ್ಲು ಮೇಲೆ ಕೈ ಇಟ್ರಿ. ಇದು ಹೊಸದಲ್ವಾ ಮುನಿಸ್ವಾಮಿ ಅಂದ್ರಿ. ಹೌದು ಸಾರ್ ಅಂದೆ. ಬುಕ್ಕಲ್ಲಿ ಏನೋ ಬರ್ಕೊಂಡ್ರಿ. ಆಮೇಲೆ ಊಟಕ್ಕೆ ಜೀಪು ಬಂತು."

"ಆಮೇಲೆ?"

"ಆಮೇಲೇನು ಸಾರ್, ಊಟ. ಅವತ್ತು ಕೋಳಿ."

ನಾನು ವಾದ ಮಾಡಿದೆ. ಇಷ್ಟು ವರ್ಷದ ಮೇಲೆ ನೆನಪು ಕಲಸಿಹೋಗುತ್ತದೆ ಎಂದು ಅವನಿಗೆ ವಿವರಿಸಿದೆ. ಅವನು ತಲೆಯಾಡಿಸುತ್ತಾ ಕೇಳಿ, "ನಿಮ್ದು ಕಲಸಿರ್ಬೋದು ಸಾರ್. ನಂದು ಬರೀ ಕೋಲು ಹಿಡಿಯೋ ಕೆಲ್ಸ, ಕಲಸೋಕೆ ಏನೈತೆ?" ಎಂದ.

ಅಲ್ಲಿಂದ ಬಂದವನು ಮಾಹಿತಿ ಹಕ್ಕಿನ ಅರ್ಜಿ ಬರೆದೆ. ಕೆಲಸ ಮುಗಿದ ಮೇಲೆ ಸಾಹೇಬರ ಕಚೇರಿ ದಾಖಲೆಗಳನ್ನೆಲ್ಲ ಸರ್ಕಾರಿ ಕಚೇರಿಗೆ ಒಪ್ಪಿಸಿತ್ತು. ಕೋಡಿಯ ಮಟ್ಟ ತೆಗೆದ ದಿನ ನಾನು ಅಳತೆ ಬರೆದುಕೊಂಡ ಲೆವೆಲ್ ಪುಸ್ತಕದ ಪುಟ ಬೇಕೆಂದು ಕೇಳಿದೆ. ಅದು ಬರುವ ಮೊದಲೇ ತಡೆಯಲಾರದೆ ಹಾಲಪ್ಪನಲ್ಲಿಗೂ ಹೋದೆ. ತಲೆ ಪೂರ್ತಿ ಬೆಳ್ಳಗಾಗಿದೆ. ಗುರುತು ಹಿಡಿದ. ಮಜ್ಜಿಗೆ ಕೊಟ್ಟ. ಚಪ್ಪಡಿಯ ಕಥೆಯನ್ನೆಲ್ಲ ಅವನಿಗೆ ಹೇಳಿ, ತಪ್ಪು ನಮ್ಮಿಂದ ಆಗಿರಬಹುದು ಎಂದೆ.

"ಆಗಿರಬಹುದು ಅಂದ್ರೆ?" ಎಂದ.

"ನನ್ನ ನೆನಪಿನ ಮೇಲೆ ನನಗೇ ನಂಬಿಕೆಯಿಲ್ಲ ಹಾಲಪ್ಪ. ಆಧಾರವಿಲ್ಲದೆ ಹೇಗೆ ಹೇಳ್ಲಿ?"

"ನಾನು ಕಲ್ಲು ಕಿತ್ತೆ ಅನ್ನೋಕೆ ಯಾವ ಆಧಾರ ಇತ್ತು? ಅದನ್ನ ಹೇಳುವಾಗ ಯಾರೂ ಇಷ್ಟು ಯೋಚ್ನೆ ಮಾಡ್ಲಿಲ್ಲವಲ್ಲ." ಸಿಟ್ಟಿನಿಂದ ಹೇಳಲಿಲ್ಲ. ಲೋಟ ತೆಗೆದುಕೊಳ್ಳುತ್ತಾ ಹೇಳಿದ. "ನನ್ನ ಕಿವಿಗೆ ಹೇಳಿ ಏನು ಪ್ರಯೋಜನ, ನಂಗೆ ಗೊತ್ತಿರೋದೇ. ಹೇಳೋದಿದ್ರೆ ಕಟ್ಟೆ ಹತ್ರ, ನಾಕು ಜನರ ಮುಂದೆ ಹೇಳಿ. ಇಲ್ದಿದ್ರೆ ಮಜ್ಜಿಗೆ ಕುಡಿದು ಹೊರಡಿ."

ಮಜ್ಜಿಗೆ ಕುಡಿದು ಹೊರಟೆ. ಬಸ್ಸಿನಲ್ಲಿ ಕುಳಿತಾಗ ನನಗೊಂದು ವಿಷಯ ಹೊಳೆಯಿತು. ಯಾವುದನ್ನೂ ಸುಲಭಕ್ಕೆ ನಂಬದ ನನ್ನ ಈ ಗುಣವನ್ನು ನಾನು ಇಷ್ಟು ವರ್ಷ ಬುದ್ಧಿ ಎಂದುಕೊಂಡಿದ್ದೆ. ಅದರಿಂದ ಇಲ್ಲಿಯವರೆಗೆ ನಷ್ಟವಾದದ್ದು ಹಾಲಪ್ಪನಿಗೆ ಮಾತ್ರ.

ಒಂದು ತಿಂಗಳಾದ ಮೇಲೆ ಅಂಚೆಯಲ್ಲಿ ಒಂದು ಹಾಳೆ ಬಂತು. ಹೋದ ಭಾನುವಾರ ಅದನ್ನು ಹಿಡಿದುಕೊಂಡು ಹೋಗಿ ಕಟ್ಟೆಯ ಬಳಿ ನಿಂತೆ. ಹತ್ತು ಹನ್ನೆರಡು ಜನ ಇದ್ದರು. ಹಾಲಪ್ಪನೂ ಇದ್ದ, ಸಮಿತಿಯ ಮಾಜಿ ಅಧ್ಯಕ್ಷರೂ ಇದ್ದರು. ನಡೆದದ್ದನ್ನು ಹೇಳಿ, ಹಾಳೆಯಲ್ಲಿದ್ದದ್ದನ್ನು ಓದಿದೆ. ಮಾಜಿ ಅಧ್ಯಕ್ಷರು, "ಹಳೇದನ್ನ ಈಗ್ಯಾಕೆ ಕೆದಕೋದು ಸರ್" ಎಂದರು. ಹಾಲಪ್ಪ ಅವರ ಕಡೆ ನೋಡಲೇ ಇಲ್ಲ. "ಇನ್ನೊಂದ್ಸಲ ಓದಿ. ಈ ಕಡೆಯವರಿಗೆ ಕಿವಿ ಸ್ವಲ್ಪ ಮಂದ" ಎಂದ. ಇನ್ನೊಮ್ಮೆ ಓದಿದೆ. ಅವನು ಹಾಳೆಯನ್ನು ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಮನೆಯ ಕಡೆ ಹೊರಟ. ನನಗೆ ಬನ್ನಿ ಎನ್ನಲಿಲ್ಲ. ಅವನನ್ನು ಮತ್ತೆ ಬಾಂದು ನೋಡಲು ಯಾರಾದರೂ ಕರೆಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಈ ಬರಹದಲ್ಲಿ ಉಳಿದದ್ದನ್ನೆಲ್ಲ ನೀವು ಅನುಮಾನಿಸಬಹುದು. ಜಿಂಕೆಗಳು ಎರಡಿದ್ದವೋ ಮೂರೋ, ಆ ದಿನ ನಿಜಕ್ಕೂ ಕೋಳಿಯಿತ್ತೋ ಇಲ್ಲವೋ. ನಾನು ನೋಡಿ ಖಚಿತಪಡಿಸಿಕೊಂಡದ್ದು ಒಂದೇ. ಲೆವೆಲ್ ಪುಸ್ತಕದ ಆ ಪುಟದಲ್ಲಿ, ಚೌಡಮ್ಮನ ಕಟ್ಟೆಯ ಅಂಕಿಯ ಎದುರಿಗೆ, ಷರಾ ಎಂಬ ಕಾಲಮಿನಲ್ಲಿ, ನನ್ನ ಕೈಬರಹದಲ್ಲಿ ಹೀಗಿದೆ: "ಹೊಸ ಚಪ್ಪಡಿ. ದಪ್ಪ ಅಳೆಯಬೇಕು." ಕೆಳಗೆ ನನ್ನ ಸಹಿ ಇದೆ.